ಪಂಪಮ್ಮನ ಉಡಿ

“ಬ್ಯಾಡ್ರಿ ಸಾವಕಾರ್ರ, ಆ ಕೈ ಹಿಡೀಬ್ಯಾಡ್ರಿ,” ಎಂದು ಬಳೆ ಮಾರುವ ಮುದುಕಿ ಲಾಲಬೀ ಹೇಳಿದಾಗ ಅಂದಪ್ಪ ನಕ್ಕ ನಗೆಗೆ ಯಲಬುರ್ಗಾ ಸೀಮೆಯ ಮಂಗಳೂರಿನ ಅಗಸಿಬಾಗಿಲ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿಹೋದವು. ಮರುದಿನದವರೆಗೆ ಒಂದೂ ಊರಿಗೆ ಮರಳಲಿಲ್ಲ.

“ಯಾಕಬೇ, ಕೈಯಾಗ ಮುಳ್ಳದಾವೇನ?”

“ಮುಳ್ಳಿದ್ರ ಛಲೋ ಇತ್ರಿ. ನಮ್ಮಜ್ಜಿ ಆ ಕೈಗೆ ಬಳಿ ಏರಿಸ್ಯಾಳ. ನಮ್ಮವ್ವ ಏರಿಸ್ಯಾಳ. ಈಗ ನಾ ಏರಸ್ತೀನಿ. ಮಂದಿ ಮಾರಿ ಮರೀತೀವಿ, ಕೈ ಮರಿಯಂಗಿಲ್ಲ ನಾವು. ಹೆಬ್ಬೆಟ್ಟಿನ ಬುಡದಾಗಿನ ಎಲುಬೂ ಅದೇ, ಅದರ ಮ್ಯಾಲಿನ ಸುಟ್ಟ ಕಲಿನೂ ಅದೇ.”

“ಹಂಗಾದ್ರ ಭಾಳ ಛಲೋ ಆತು! ಇಬ್ಬರು ಹೆಂಡ್ರನ್ನ ಮಣ್ಣಿಗೆ ಕೊಟ್ಟು ಸಾಕಾಗೈತಿ ನನಗ. ಒಮ್ಮೆ ಸಾಯದಾಕಿ ಸಿಕ್ಕರ ಕುಣಿ ತೋಡಿಸೋ ಕೆಲಸ ತಪ್ಪತೈತಿ.”

ಲಾಲಬೀ ನಗಲಿಲ್ಲ. ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು, ಸುತ್ತ ನೋಡಿ, ಪಿಸುಗುಟ್ಟಿದಳು: “ಆಕಿ ಸಾಯಂಗಿಲ್ಲ ಅಂತ ನನಗ ಅಂಜಿಕಿಲ್ರಿ. ಆಕಿಗೆ ಸಾಯೂ ಹುಚ್ಚು ಹಿಡದೈತಿ. ಅದಕ್ಕ ಅಂಜಿಕಿ.”

ಆದರೆ ಕುಕನೂರಿನ ಅರಳೆ ದಲಾಲ ಅಂದಪ್ಪನೆಂದರೆ ಸಾಮಾನ್ಯ ಆಸಾಮಿಯೇ? ಅವನು ಸೀನಿದರೆ ಸಂತೆಯ ತಕ್ಕಡಿಗಳು ಊಟದ ಹೊತ್ತಿನವರೆಗೂ ತೂಗಾಡುತ್ತಿದ್ದವು. ಭಾನಾಪುರದ ಸ್ಟೇಷನ್ನಿನಲ್ಲಿ ಅವನು ಹಮಾಲರನ್ನು ಕೂಗಿದರೆ ರೈಲು ಹೊರಡುವುದನ್ನೇ ಮರೆತು ನಿಲ್ಲುತ್ತಿತ್ತು. ಮಾಟ, ಮಂತ್ರ, ಗಾಳಿ ಎಂದು ಯಾರಾದರೂ ಬಾಯಿ ತೆರೆದರೆ “ತಂದು ನನ್ನ ಮುಂದ ನಿಲ್ಲಿಸ್ರಿ, ದರ ಹಚ್ಚಿ ಗದಗಿನ ಗಿರಣಿಗೆ ಮಾರತೀನಿ” ಎನ್ನುತ್ತಿದ್ದ. ಇಂಥವನು ಸಾವಿರದ ಒಂಬೈನೂರಾ ಮೂವತ್ತೆಂಟರ ಬೇಸಗೆಯಲ್ಲಿ ಪಂಪಮ್ಮನನ್ನು ಕಂಡ.

ಪಂಪಮ್ಮ ಗಂಡ ಸತ್ತವಳು. ಗಂಗಾವತಿ ಕಡೆಯ ಮರಳಿಯಿಂದ ಬಂದವಳಂತೆ. ಹಿಂದೆ ಮಂಗಳೂರಿನಲ್ಲಿದ್ದ ಇನ್ನೊಬ್ಬ ಪಂಪಮ್ಮನ ಮೊಮ್ಮಗಳೆಂದು ಹೇಳಿ, ಆ ಮನೆಯ ಬೀಗ ತೆಗೆದು, ಎರೆಹೊಲ ಉಳುಮೆ ಮಾಡಿಸಿಕೊಂಡು ಒಬ್ಬಳೇ ಇದ್ದಳು. ಅವಳ ಚೆಲುವೆಂದರೆ, ಅವಳು ನೀರಿಗೆ ಹೋದ ಹೊತ್ತು ಹೊಲದ ಎತ್ತುಗಳು ಸಾಲು ತಪ್ಪುತ್ತಿದ್ದವು. ಗಂಡ ಸತ್ತವಳಿಗೆ ಮಾಡುವ ಮರುಮದುವೆಗೆ ಆ ಸೀಮೆಯಲ್ಲಿ ಉಡಿಕಿ ಎನ್ನುತ್ತಾರೆ. ಅದಕ್ಕೆ ಹಂದರವಿಲ್ಲ, ವಾಲಗವಿಲ್ಲ. ಮುಚ್ಚಂಜೆಯಲ್ಲಿ ನಾಲ್ಕು ಮಂದಿಯ ಎದುರು ಸೀರೆ ಉಡಿಸಿ, ತಾಳಿ ಕಟ್ಟಿ, ಅಂದಪ್ಪ ಅವಳ ಮನೆಗೇ ಬಂದು ಸೇರಿದ.

ಆ ಮನೆಗೊಂದು ವಾಸನೆಯಿತ್ತು. ಹಳೆಯ ಜೋಳ, ಕಮಟು ಹಿಡಿದ ಕುಸುಬೆ ಎಣ್ಣೆ, ಅದರಡಿಯಲ್ಲಿ ಆಗತಾನೇ ತೋಡಿದ ಮಣ್ಣು. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲು ಕೂಡ ನೆಲ ಮುಟ್ಟಲು ಹಿಂಜರಿಯುತ್ತಿತ್ತು. ನಡುಹಗಲಿನಲ್ಲಿ ಪಂಪಮ್ಮ ಬೀಸುಕಲ್ಲಿನ ಮುಂದೆ ಕುಳಿತು ಹಾಡತೊಡಗಿದರೆ ಪಕ್ಕದ ಮನೆಯ ಹಣ್ಣು ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ತೊಟ್ಟಿಲಲ್ಲಿದ್ದಾಗ ಅವರ ಅಜ್ಜಿಯರು ಹಾಡಿದ ಹಾಡುಗಳವು. ಹಲ್ಲಿಗಳು ಲೊಚಗುಡುತ್ತಿರಲಿಲ್ಲ. ನೊಣಗಳು ಅವಳ ಮೇಲೆ ಕೂರುತ್ತಿರಲಿಲ್ಲ.

“ಇದೇನ ಕಲಿ?” ಎಂದು ಅಂದಪ್ಪ ಒಮ್ಮೆ ಅವಳ ಹೆಬ್ಬೆರಳಿನ ಬುಡ ಸವರಿ ಕೇಳಿದ.

“ಡೋಗಿ ಬರದಾಗ ಆತ್ರಿ. ಹಸಿವು ತಡೀಲಾರದ ಕಾದ ಹಂಚಿನ ಮ್ಯಾಲಿನ ರೊಟ್ಟಿಗೆ ಕೈ ಹಾಕಿದ್ದೆ.”

ಡೋಗಿ ಬರವೆಂದರೆ ಹೊಲಗಳ ತುಂಬ ತಲೆಬುರುಡೆಗಳು ಉರುಳಾಡಿದ ಬರ. ಅಂದಪ್ಪನ ಮುತ್ತಜ್ಜನೂ ಅದನ್ನು ಕಂಡವನಲ್ಲ, ಬರೀ ಕೇಳಿದವನು. “ಆ ಬರಕ್ಕ ನೀನೆಲ್ಲಿದ್ದೆ ಹುಚ್ಚಿ?” ಎಂದು ಅಂದಪ್ಪ ನಕ್ಕ. ಪಂಪಮ್ಮ ತುಟಿ ಕಚ್ಚಿ ಒಳಗೆ ಹೋದಳು.

ಮುಂಗಾರಿನ ಮೊದಲು ಹಗೇವು ತೆರೆಸಿದರು. ಹಗೇವೆಂದರೆ ನೆಲದೊಳಗಿನ ಕಾಳಿನ ಕಣಜ. ಒಬ್ಬ ಮನುಷ್ಯ ತೂರುವಷ್ಟು ಬಾಯಿ, ಒಳಗೆ ಬಾವಿಯಂಥ ಹೊಟ್ಟೆ. ಮುಚ್ಚಿಟ್ಟ ಜೋಳದ ಕಾವು ಅದರಲ್ಲಿ ವಿಷವಾಗಿ ನಿಂತಿರುತ್ತದೆ. ಅದಕ್ಕೇ ತೆರೆದ ದಿನ ಯಾರೂ ಇಳಿಯುವುದಿಲ್ಲ. ಹಗ್ಗ ಕಟ್ಟಿ ಕಂದೀಲು ಬಿಡುತ್ತಾರೆ. ದೀಪ ಆರಿತೆಂದರೆ ಒಳಗೆ ಮನುಷ್ಯನೂ ಆರುತ್ತಾನೆ.

ನೆತ್ತಿಯ ಮೇಲೆ ಸೂರ್ಯ ಬಂದ ಹೊತ್ತಿಗೆ ಅಂದಪ್ಪ ಮನೆಗೆ ಬಂದ. ಆಳು ಗ್ಯಾನಪ್ಪ ಹಗೇವಿನ ಬಾಯಿಯ ಬಳಿ ಬಿಳುಚಿಕೊಂಡು ನಿಂತಿದ್ದ.

“ಧಣ್ಯಾರ, ಕಂದೀಲು ಬಿಟ್ಟಂಗ ಬಿಟ್ಟಂಗ ಆರತೈತ್ರಿ.”

“ಆರಲಿ. ನಿಮ್ಮವ್ವಾರೆಲ್ಲಿ?”

“ನಾ ನೀರು ಕುಡ್ಯಾಕ ಹೋಗಿದ್ನಿರಿ. ಬಂದು ನೋಡಿದ್ರ ಅವ್ವಾರೂ ಇಲ್ಲ, ಬುಟ್ಟಿನೂ ಇಲ್ಲ.”

ಆಗ ನೆಲದಡಿಯಿಂದ ಹಾಡು ಕೇಳಿಸಿತು.

ಬೀಸುವಾಗಿನ ಅದೇ ಹಾಡು. ಅವಸರವಿಲ್ಲ. ನಡುಕವಿಲ್ಲ. ಅಂದಪ್ಪ ಹಗೇವಿನ ಬಾಯಿಗೆ ಬಗ್ಗಿ “ಪಂಪವ್ವಾ!” ಎಂದು ಕೂಗಿದ. ಹಾಡು ಮುರಿಯಲಿಲ್ಲ.

“ಇಳೀಬ್ಯಾಡ್ರಿ ಧಣ್ಯಾರ, ಅದು ಅವ್ವಾರಲ್ಲ!”

“ಗಾಳಿಗೆ ಅಂಜಿ ಹೆಂಡ್ತೀನ ಬಿಟ್ಟವ ಅನ್ನಿಸಿಕೊಳ್ಳಲೇನ? ಹಗ್ಗ ಹಿಡಿ!”

ಇಳಿದ. ತಲೆಯ ಮೇಲಿನ ಬೆಳಕು ನಾಣ್ಯದಷ್ಟಾಯಿತು. ಹುಳಿ ವಾಸನೆ. ಗಂಟಲಿಗೆ ಬೆಂಕಿ. ಉಸಿರೆಳೆದ. ಬರಲಿಲ್ಲ. ಮತ್ತೆ ಎಳೆದ. ಎದೆಯ ಮೇಲೆ ಯಾರೋ ಅರಳೆ ಅದುಮಿ ತುಂಬಿದ ಅಂಡಿಗೆ ಹೇರಿದಂತಾಯಿತು. ಕಾಲಡಿಯ ಕಾಳು ಸರಸರ ಜಾರಿತು. ಹಾಡು ಹತ್ತಿರ ಬಂತು. ಇನ್ನೂ ಹತ್ತಿರ. ಕಿವಿಯ ಪಕ್ಕಕ್ಕೆ. ಹಾಡುವ ಬಾಯಿ ಕೆನ್ನೆಗೆ ತಾಗುವಷ್ಟು ಸಮೀಪ. ಆ ಬಾಯಿಂದ ಉಸಿರಿನ ಬಿಸಿಯೇ ಬರುತ್ತಿರಲಿಲ್ಲ.

ಬಳೆಗಳು ಕಿಣಿಗುಟ್ಟಿದವು. ತಣ್ಣನೆಯ ಕೈಯೊಂದು ಅವನನ್ನು ಮೇಲಕ್ಕೆ ನೂಕಿತು.

ಗ್ಯಾನಪ್ಪ ಎಳೆದು ಹಾಕಿದಾಗ ಅಂದಪ್ಪ ಮಣ್ಣಿನಲ್ಲಿ ಬಿದ್ದು ಮೀನಿನಂತೆ ಬಾಯಿ ಬಿಡುತ್ತಿದ್ದ. ಅವನ ಹಿಂದೆಯೇ ಪಂಪಮ್ಮ ಮೇಲೆ ಬಂದಳು. ಕಂಕುಳಲ್ಲಿ ಜೋಳದ ಬುಟ್ಟಿ. ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಗ್ಯಾನಪ್ಪ ಹಗ್ಗ ಬಿಸಾಕಿ ಓಡಿದ ಓಟಕ್ಕೆ, ತಲೆಯ ರುಮಾಲು ಬಿದ್ದದ್ದು ಅವನಿಗೆ ಕುಷ್ಟಗಿ ದಾಟಿದ ಮೇಲೆ ಗೊತ್ತಾಯಿತು.

ಪಡಸಾಲೆಯಲ್ಲಿ ಕುಳಿತು ಅಂದಪ್ಪ ನೀರು ಕುಡಿದ.

“ನೀ ಯಾರು?”

“ನಿಮ್ಮ ಹೇಣ್ತಿ.”

“ನನಗಿಂತ ಮೊದಲ ಎಷ್ಟ ಮಂದಿಗೆ?”

“ಎಣಿಸೂದು ಬಿಟ್ಟೀನ್ರಿ.” ಅವಳು ಕಂಬಕ್ಕೆ ಒರಗಿ ನಿಂತು, ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು. “ಮೊದಲನೇ ಗಂಡ ಹಾಸಿಗಿ ಹಿಡದಿದ್ದ. ಗುಡ್ಡದ ಗವ್ಯಾಗ ಒಬ್ಬ ಮಾಟಗಾರ ಇದ್ದ. ಹೋಗಿ ಕಾಲ ಹಿಡದೆ. ಗಂಡನ್ನ ಉಳಸು ಅಂತ ಕೇಳಬೇಕಿತ್ತು ನಾ. ಕೇಳಲಿಲ್ಲ. ರಂಡಿ ಆಗಿ ಸಾಯಬಾರ್ದು, ಮುತ್ತೈದಿ ಆಗೇ ಸಾಯಬೇಕು ಅಂದೆ. ನನ್ನ ಹಣಿ ಕುಂಕುಮದ್ದ ಚಿಂತಿ ಆತು ನನಗ. ಆತ ಕರಿಕೋಳಿ ರಗತದಾಗ ಕುಂಕುಮ ಕಲಿಸಿ ಹಣಿಗೆ ಒತ್ತಿ ನಕ್ಕ. ‘ಹಂಗ ಆಗಲಿ. ಗಂಡ ತನ್ನ ಕೈಲೆ ಉಡಿ ತುಂಬಿ ಕಳಸಬೇಕು. ಅಲ್ಲೀತನಾ ಸಾವು ನಿನ್ನ ಹೊಸ್ತಿಲಾ ತುಳಿಯಂಗಿಲ್ಲ’ ಅಂದ.”

ಉಡಿ ತುಂಬುವುದು ಹೆಂಗಸರ ಕೆಲಸ. ಮುತ್ತೈದೆಯ ಸೆರಗಿನಲ್ಲಿ ಕಾಳು, ಕೊಬ್ಬರಿ, ಅರಿಷಿಣದ ಬೇರು ಇಟ್ಟು ಹರಸುವುದು. ಹಸೆಯ ಮೇಲೂ ತುಂಬುತ್ತಾರೆ, ಹೆಣದ ಮೇಲೂ ತುಂಬುತ್ತಾರೆ. ಆದರೆ ತುಂಬುವ ಕೈ ಹೆಂಗಸಿನದೇ. ಗಂಡಸು ಅದಕ್ಕೆ ಕೈ ಹಾಕುವುದೆಂದರೆ ಮೀಸೆ ಬೋಳಿಸಿಕೊಂಡಂತೆ.

“ಎಲ್ಲಾರನ್ನೂ ಕೇಳಿದೆ,” ಎಂದಳು ಪಂಪಮ್ಮ. “ಒಬ್ಬ ನಕ್ಕ. ಒಬ್ಬ ಬಡದ. ಒಬ್ಬ ಊರ ಬಿಟ್ಟ ಓಡಿದ. ಎಲ್ಲಾರೂ ಮುದುಕರಾಗಿ ಹೋದ್ರು. ನಾ ಮತ್ತೊಂದು ಊರಿಗೆ ಹೋಗಿ ಉಡಿಕಿ ಆದೆ.”

ಅಂದಿನಿಂದ ಅಂದಪ್ಪನಿಗೆ ಅನ್ನ ಸೇರಲಿಲ್ಲ. ರೊಟ್ಟಿ ಮುರಿದರೆ ಹಗೇವಿನ ಹುಳಿ ವಾಸನೆ. ಅವಳು ಬೆನ್ನ ಹಿಂದೆ ಬಂದರೆ ಹೆಜ್ಜೆಯ ಸಪ್ಪಳವಿತ್ತು, ಉಸಿರಿನ ಸಪ್ಪಳವಿರಲಿಲ್ಲ. ಓಡಿಹೋಗಲು ಕಾಲು ಏಳುತ್ತಿತ್ತು, ಅಂದಪ್ಪ ಓಡಿದನೆಂದು ಸಂತೆಯಲ್ಲಿ ಆಡಿಕೊಳ್ಳುವ ಬಾಯಿಗಳನ್ನು ನೆನೆದರೆ ಕಾಲು ನಿಲ್ಲುತ್ತಿತ್ತು. ಅವನಿಗೆ ಬೇಕಾದದ್ದು ಒಂದೇ: ಈ ಹೆಂಗಸಿನಿಂದ ಬಿಡುಗಡೆ. ಅವಳಿಗೆ ಬೇಕಾದದ್ದೂ ಬಿಡುಗಡೆಯೇ.

“ನಾ ತುಂಬತೀನಿ,” ಎಂದ ಕೊನೆಗೆ. “ಯಾ ಗಂಡಸೂ ಮಾಡದ್ದನ್ನ ಅಂದಪ್ಪ ಮಾಡತಾನ. ಬಾಗಿಲಾ ಹಾಕು.”

ಪಂಪಮ್ಮ ಅವನ ಪಾದಕ್ಕೆ ಹಣೆ ಹಚ್ಚಿ ಅತ್ತಳು. ಕಣ್ಣೀರೂ ತಣ್ಣಗಿತ್ತು.

ಇಳಿಹೊತ್ತಿನಲ್ಲಿ ಅವಳು ಹಸಿರು ಇಳಕಲ್ ಸೀರೆ ಉಟ್ಟು, ಕೈ ತುಂಬ ಬಳೆ ತೊಟ್ಟು, ಮಣೆಯ ಮೇಲೆ ಸೆರಗೊಡ್ಡಿ ಕುಳಿತಳು. ಹೊರಗೆ ಯಾರೋ ಎತ್ತು ಹೊಡೆದುಕೊಂಡು ಹೋಗುತ್ತಿದ್ದರು. ಅಂದಪ್ಪ ಮೊರದಿಂದ ಜೋಳ ಎತ್ತಿ ಸೆರಗಿಗೆ ಹಾಕಿದ. ಅವಳು ನಿಟ್ಟುಸಿರಿಟ್ಟಳು, ಆ ಮೈಯಿಂದ ಅವನು ಕೇಳಿದ ಮೊದಲ ಉಸಿರು. ಇನ್ನೊಂದು ಹಿಡಿ. ಬೈತಲೆಯಲ್ಲಿ ಬೆಳ್ಳಿಯ ಎಳೆಯೊಂದು ಹೊಳೆಯಿತು. ಮತ್ತೊಂದು ಹಿಡಿ. ಕೆನ್ನೆ ಬಿರಿಯಿತು. ಪಂಪಮ್ಮ ನಗುತ್ತಿದ್ದಳು.

ಉಡಿ ತುಂಬಿಸಿಕೊಂಡವಳು ಏಳುವ ಮೊದಲು ಅದರಲ್ಲಿನ ಒಂದು ಹಿಡಿ ಕಾಳನ್ನು ತುಂಬಿದವರಿಗೆ ಮರಳಿ ಕೊಡಬೇಕು. ಎಲ್ಲವನ್ನೂ ಒಯ್ದರೆ ಆ ಮನೆಯ ಸಿರಿ ಅವಳ ಹಿಂದೆಯೇ ಹೋಗುತ್ತದೆಂದು ಆ ಸೀಮೆಯ ನಂಬಿಕೆ. ಪಂಪಮ್ಮನ ಮುಷ್ಟಿ ರೂಢಿಯಂತೆ ತಾನಾಗಿಯೇ ಮುಂದೆ ಬಂತು. ಬಂದದ್ದು ನಡುವೆ ನಿಂತಿತು.

“ಬ್ಯಾಡ ಅನ್ರಿ,” ಎಂದಳು.

“ಏನಂದಿ?”

“ಇದು ಬ್ಯಾಡ ಅನ್ರಿ. ಎಲ್ಲಾ ನಾನ ಒಯ್ತೀನಿ. ಲಗೂ ಅನ್ರಿ!”

ದೆವ್ವವನ್ನು ನಂಬದವನು, ಮಾಟಕ್ಕೆ ನಕ್ಕವನು, ಈ ಒಂದು ಮಾತಿಗೆ ಬೆಚ್ಚಿಬಿದ್ದ. ಅವನ ತಾಯಿ, ಮನೆಗೆ ಬಂದ ಮುತ್ತೈದೆಯರಿಂದ ಆ ಹಿಡಿ ಕಾಳು ಇಸಿದುಕೊಳ್ಳದೆ ಒಬ್ಬರನ್ನೂ ಹೊಸ್ತಿಲು ದಾಟಿಸಿದವಳಲ್ಲ. ಅದು ಅವನ ರಕ್ತದಲ್ಲಿತ್ತು.

“ಮನಿ ಸಿರಿ ಎಲ್ಲಾ ಕಟಗೊಂಡು ಹೊಕ್ಕಿಯೇನ? ತಾ ಇತ್ತ!”

ಬೆರಳು ಬಿಡಿಸಿ ಕಿತ್ತುಕೊಂಡ.

ಕಾಳು ಅಂಗೈಗೆ ಬಿತ್ತು. ಮಂಜಿನಂತೆ ತಣ್ಣಗೆ. ಆ ತಣ್ಣನೆ ಮುಂಗೈ ಏರಿತು. ತೋಳು ಏರಿತು. ಎದೆಗೆ ಇಳಿದು ಕುಳಿತಿತು. ಎದುರಿಗೆ ಪಂಪಮ್ಮನ ಕೂದಲು ನೊರೆಯಂತೆ ಬೆಳ್ಳಗಾಯಿತು. ಹಲ್ಲು ಉದುರಿದವು. ಬಳೆಗಳು ಎಲುಬಿನಿಂದ ಜಾರಿ ನೆಲಕ್ಕೆ ಬಿದ್ದು ಒಡೆದವು. ಮಸುಕಾದ ಕಣ್ಣುಗಳು ಅವನ ಮುಷ್ಟಿಯನ್ನೇ ನೋಡುತ್ತಿದ್ದವು.

“ಅಯ್ಯ... ಇನ್ನ ನಿಮಗ ಯಾರು ತುಂಬಬೇಕ್ರಿ?”

ಅಷ್ಟೇ. ಮಣೆಯ ಮೇಲೆ ಒಂದು ಸೀರೆ, ಒಂದು ಹಿಡಿ ಬೂದಿ, ಜೋಳದ ಗುಡ್ಡೆ. ಅಂದಪ್ಪ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಒಂದು ಕಾಳೂ ಇರಲಿಲ್ಲ.

ಮೊದಲು ಅವನಿಗೆ ಗೊತ್ತಾಗಲಿಲ್ಲ. ಬಿಡುಗಡೆಯಾಯಿತೆಂದು ಕುಕನೂರಿಗೆ ಮರಳಿದ. ಅರಳೆಯ ಅಂಡಿಗೆ ಹೇರಿದ ಬಂಡಿ ಎದೆಯ ಮೇಲೆ ಹರಿದುಹೋದಾಗ ಧೋತರ ಝಾಡಿಸಿಕೊಂಡು ಎದ್ದು, ಜನ ದಂಗಾಗಿ ನಿಂತದ್ದು ಕಂಡು ಮೀಸೆ ತಿರುವಿದ. ಪ್ಲೇಗು ಬಂದು ಓಣಿಗೆ ಓಣಿಯೇ ಬರಿದಾದಾಗ ಊರಿನ ಹೆಣಗಳನ್ನೆಲ್ಲ ಒಬ್ಬನೇ ಹೊತ್ತ. ಅವನ ತೊಡೆಸಂದಿಯ ಗಡ್ಡೆ ಎದ್ದಷ್ಟೇ ಬೇಗ ಇಂಗಿತು. ಕೊನೆಯ ಹೆಣ ಅವನ ಏಕೈಕ ತಮ್ಮನದು. ಮಣ್ಣು ಮುಚ್ಚಿ ಬಂದು ಕಟ್ಟೆಯ ಮೇಲೆ ಕುಳಿತವನಿಗೆ, ತಾನು ಬೆಳಗಿನಿಂದ ಉಸಿರಾಡಿಯೇ ಇಲ್ಲವೆಂಬುದು ಆಗ ತಿಳಿಯಿತು.

ಗಂಡ ತನ್ನ ಕೈಯಿಂದ ಉಡಿ ತುಂಬಬೇಕು. ಗಂಡಸಿಗೆ ಗಂಡ ಎಲ್ಲಿಂದ ಬರಬೇಕು?

ನಲವತ್ತೇಳರ ಸುಗ್ಗಿಯಲ್ಲಿ, ಪಂಪಮ್ಮ ತನ್ನೂರೆಂದಿದ್ದ ಮರಳಿಯಲ್ಲಿ, ಹುಲಿಗವ್ವ ಎಂಬವಳು ತನ್ನ ಅಂಗಳದಲ್ಲಿ ಭತ್ತ ಹಾರಿಸುತ್ತಿದ್ದಳು. ಬಾಗಿಲಿಗೆ ಒಬ್ಬ ಬಂದು ನಿಂತ. ಕರಿಮೀಸೆ, ತುಂಬಿದ ಮೈ. ಧೋತರದ ಸೆರಗನ್ನು ಎರಡೂ ಕೈಯಲ್ಲಿ ಹರವಿ ಹಿಡಿದಿದ್ದ.

“ಎತ್ತಿನಂಗ ಅದಿ, ಭಿಕ್ಷಾ ಬೇಡತಿಯಲ್ಲೋ, ನಾಚಿಕಿ ಬರಂಗಿಲ್ಲೇನ?” ಎಂದಳು ಹುಲಿಗವ್ವ.

“ಭಿಕ್ಷಾ ಅಲ್ಲವಾ ತಂಗಿ. ಉಡಿ ತುಂಬಸು. ನಿನ್ನ ಗಂಡ ಅದಾನಲ್ಲ, ಆತನ ಕೈಲೆ ತುಂಬಸು.”

ಅವಳು ಮೊರ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಏ ಇವರss, ಲಗೂ ಬರ್ರಿ ಹೊರಗ! ಮೀಸಿ ಹೊತ್ತ ಮುತ್ತೈದಿ ಬಂದಾಳ ನೋಡ್ರಿ!”

ಗಂಡ ಗಿಡ್ಡಪ್ಪ ಹೊರಗೆ ಬಂದ. ಅವನೂ ನಕ್ಕ. “ಎಲ್ಲಿಂದ ಬಂದಿ ನನ್ನ ಹೇಣ್ತಿ?” ಎನ್ನುತ್ತ ರಾಶಿಯಿಂದ ಒಂದು ಬೊಗಸೆ ಭತ್ತ ಎತ್ತಿ, ಹೆಂಗಸರಂತೆ ಸೊಂಟ ಬಳುಕಿಸಿ, ಬಂದವನ ಸೆರಗಿಗೆ ಸುರಿದ.

ಅಂದಪ್ಪ ಕಣ್ಣು ಮುಚ್ಚಿ ನಿಂತ. ಭತ್ತದ ಧೂಳು ಮೂಗಿಗೆ ಏರಿತು. ಗಂಡಹೆಂಡಿರ ನಗೆ ಸಣ್ಣಗಾಗುತ್ತ ನಿಂತುಹೋಯಿತು. ಅವನು ಕಾದ. ನೆರಳು ಅಂಗಳ ದಾಟುವವರೆಗೂ ಕಾದ. ಏನೂ ಆಗಲಿಲ್ಲ.

ಕಣ್ಣು ತೆರೆದು, ಭತ್ತವನ್ನು ಒಂದು ಕಾಳೂ ಚೆಲ್ಲದಂತೆ ರಾಶಿಗೆ ಸುರಿದು, ಸೆರಗು ಝಾಡಿಸಿ, ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತ.