ಅದಲುಬದಲಾದ ಎರಡು ಚೀಟಿ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಬಸ್ ಚಾಲಕನೊಬ್ಬನ ಹೆಂಡತಿ ಎರಡು ಲ್ಯಾಬ್ ವರದಿ ಹಿಡಿದು ಠಾಣೆಗೆ ಬಂದಳು. ಗಂಡನಿಗೆ ಮೂತ್ರಕೋಶದ ಕ್ಯಾನ್ಸರ್. ಗಡ್ಡೆಯ ಜೀವಕೋಶಗಳನ್ನು ಬೆಳೆಸಿ, ಅವು ಯಾವ ಔಷಧಿಗೆ ಸಾಯುತ್ತವೆಂದು ಆಸ್ಪತ್ರೆಯ ಲ್ಯಾಬ್ ಪರೀಕ್ಷಿಸಿತ್ತು. ಯಾವುದಕ್ಕೂ ಬಗ್ಗವು ಎಂದು ವರದಿ ಬಂದಾಗ ವೈದ್ಯರು ಅವನನ್ನು ಮನೆಗೆ ಕಳಿಸಿದ್ದರು. ಅವಳು ಪಟ್ಟು ಬಿಡದೆ ಗಡ್ಡೆಯ ಉಳಿದ ತುಣುಕನ್ನು ಬೇರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದಳು. ಅಲ್ಲಿ ಎರಡು ಔಷಧಿಗೆ ಕೋಶಗಳು ಸತ್ತಿದ್ದವು.

“ಐದು ವಾರ ಹೋಯ್ತು ಸಾರ್. ಯಾರು ವಾಪಸ್ ಕೊಡ್ತಾರೆ?”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. 12.10ಕ್ಕೆ ಆಸ್ಪತ್ರೆಯ ಲ್ಯಾಬಿನಲ್ಲಿ ಪಂಚನಾಮೆ. ಕಿಟಕಿಯಿಲ್ಲದ ಕೋಣೆ, ಬಾಗಿಲು ಮುಚ್ಚಿದರೆ ಫ್ಯಾನಿನ ಮೊರೆತವಷ್ಟೇ.

“ದಿನಾ ಎಂಟು ಗಂಟೆ ಇದರೊಳಗಾ? ನಮ್ಮ ಲಾಕಪ್ಪೇ ವಾಸಿ,” ಎಂದ ಕಾನ್‌ಸ್ಟೆಬಲ್.

ಪರೀಕ್ಷೆಯ ತಟ್ಟೆಗಳ ಚಿತ್ರ ತೆಗೆಯುವ ಯಂತ್ರ ಪ್ರತಿ ಚಿತ್ರಕ್ಕೂ ಸಮಯ ನಮೂದಿಸುತ್ತಿತ್ತು. ಐದು ವಾರದ ಹಿಂದೆ, 11.05ಕ್ಕೆ, ಅಂಚು ಬಿರುಕುಬಿಟ್ಟ ಒಂದು ತಟ್ಟೆಯ ಮೇಲೆ ರೋಗಿ ಸಂಖ್ಯೆ ಹದಿನಾಲ್ಕರ ಚೀಟಿ. 11.40ಕ್ಕೆ ಅದೇ ತಟ್ಟೆಯ ಮೇಲೆ ಚಾಲಕನ ಸಂಖ್ಯೆ ಹದಿನೇಳು. ಆ ಹೊತ್ತಿನಲ್ಲಿ ಒಳಗಿದ್ದವಳು ಲ್ಯಾಬ್ ಟೆಕ್ನಿಶಿಯನ್ ಒಬ್ಬಳೇ.

“ಹದಿನಾಲ್ಕು ಯಾರು?” ಇನ್‌ಸ್ಪೆಕ್ಟರ್ ಅವಳನ್ನು ಕೇಳಿದರು.

“ನಮ್ಮಣ್ಣ. ಅವನಿಗೂ ಅದೇ ಕ್ಯಾನ್ಸರ್.”

“ಯಾಕೆ ಬದಲಾಯಿಸಿದ್ರಿ?”

“ಆರು ಔಷಧಿ ಹಾಕಿದೆ. ಅಣ್ಣನ ಕೋಶ ಒಂದಕ್ಕೂ ಸಾಯ್ಲಿಲ್ಲ. ಆ ವರದಿ ಹೋದ್ರೆ ಡಾಕ್ಟ್ರು ಕೈ ಬಿಡ್ತಾರೆ. ಅಣ್ಣ ದಿನಾ ‘ಏನಾಯ್ತೇ?’ ಅಂತ ಕೇಳೋನು.”

“ಆಮೇಲಾದ್ರೂ ಹೇಳ್ಬಹುದಿತ್ತಲ್ಲ?”

“ಅತ್ತ ದರಿ, ಇತ್ತ ಪುಲಿ ಸಾರ್. ಬಾಯಿ ಬಿಟ್ರೆ ಅಣ್ಣನ ಔಷಧಿ ನಿಲ್ಲುತ್ತೆ. ಬಿಡದಿದ್ರೆ ಆ ಡ್ರೈವರು...” ಅವಳು ಕೈಗವಸು ಬಿಚ್ಚಿಟ್ಟಳು. “ಇವತ್ತು ಹೇಳೇಬಿಡೋಣ ಅಂತ ದಿನಾ ಬರ್ತಿದ್ದೆ.”

3.30ಕ್ಕೆ ಬಂಧನವಾಯಿತು.

ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ಅಣ್ಣನಿದ್ದ ವಾರ್ಡಿಗೆ ಹೋದರು. ಅಣ್ಣ ಗಡಿಯಾರ ರಿಪೇರಿಯವನು. ತಂದೆತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿ ಓದಿಸಿದವನು. ನಾಟದ ಔಷಧಿ ಅವನ ಕೂದಲನ್ನೂ ಹಸಿವನ್ನೂ ತಿಂದುಹಾಕಿತ್ತು. ವಿಷಯ ತಿಳಿದ ವೈದ್ಯರು ಡ್ರಿಪ್ ನಿಲ್ಲಿಸಿ ಸೂಜಿ ತೆಗೆದರು. ಇನ್‌ಸ್ಪೆಕ್ಟರ್ ನಡೆದದ್ದನ್ನೆಲ್ಲ ಹೇಳಿದರು. ಅವನು ದಿಂಬಿಗೆ ಒರಗಿ ಎದ್ದು ಕೂತ.

“ಆ ಡ್ರೈವರ್ ಇದಾರಾ?”

“ಇದಾರೆ. ನಾಳೆಯಿಂದ ಔಷಧಿ ಶುರು.”

“ಹಾಗಾದ್ರೆ ಮೊದ್ಲು ಅದನ್ನ ನನ್ನ ತಂಗಿಗೆ ಹೇಳಿ ಬನ್ನಿ ಸಾರ್. ನನ್ನ ಹೇಳಿಕೆ ಆಮೇಲೆ ಬರ್ಕೊಳ್ಳೀರಂತೆ.”