ಹಿಂಬದಿಯಿಲ್ಲದ ಮನೆ

ನಿರ್ದೇಶಕ ಮುನಕಾತಾ ತಮ್ಮ ಕನಸುಗಳನ್ನೇ ಸಿನಿಮಾ ಮಾಡುತ್ತಿದ್ದರು. ಧ್ವನಿಮುದ್ರಣ ನನ್ನದು. ಜಪಾನಿನ ನಾಗಾನೋದ ಬಯಲಿನಲ್ಲಿ ಅವರ ಬಾಲ್ಯದ ಮನೆಯ ಸೆಟ್ ಹಾಕಿದ್ದೆವು. ಮುಂದೆ ಗೋಡೆ, ಅದಕ್ಕೊಂದು ಜಾರುಬಾಗಿಲು, ಹಿಂದೆ ಬರೀ ಹುಲ್ಲು.

ಮಧ್ಯಾಹ್ನ ಎಲ್ಲರೂ ಸುಮ್ಮನಾದಾಗ ನನ್ನ ಹೆಡ್‌ಫೋನಿನಲ್ಲಿ ನೀರಿನ ಸದ್ದು ಕೇಳಿಸಿತು.

“ಸೆನ್ಸೇ, ಬಾಗಿಲ ಹಿಂದೆ ಯಾರೋ ಅಕ್ಕಿ ತೊಳೀತಿದ್ದಾರೆ,” ಎಂದು ಮುನಕಾತಾ ಅವರಿಗೆ ಹೇಳಿದೆ. ಗುರುಗಳೆಂಬ ಅರ್ಥದಲ್ಲಿ ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು.

ಅವರು ಹೆಡ್‌ಫೋನ್ ಇಸಿದುಕೊಂಡು ಕಿವಿಗೊಟ್ಟರು.

“ಅಮ್ಮ ಕರೀತಿದ್ದಾಳೆ.”

“ಅವರು ಬಾಂಬ್ ದಾಳೀಲಿ ತೀರಿಕೊಂಡ್ರು ಅಂದಿದ್ರಿ.”

“ಹೌದಮ್ಮ. ಕನಸಲ್ಲಿ ದಿನಾ ಕರೀತಾಳೆ. ಬಾಗಿಲು ಮುಟ್ಟೋ ಹೊತ್ತಿಗೆ ನಂಗೆ ಎಚ್ಚರ ಆಗ್ಬಿಡುತ್ತೆ.”

ಅವರು ಚಪ್ಪಲಿ ಬಿಚ್ಚಿಟ್ಟು, ಬಾಗಿಲು ಸರಿಸಿ ಒಳಗೆ ಹೋದರು.

ಗೋಡೆಯ ಹಿಂದೆ, ಆ ಬಾಗಿಲಿಗೆ ಎದುರಾಗಿ, ಬಡಗಿ ಇನೊಮತಾ ಹುಲ್ಲಿನಲ್ಲಿ ಕೂತು ಊಟ ಮಾಡುತ್ತಿದ್ದ. ಬಾಗಿಲು ತೆರೆದದ್ದನ್ನೂ ಮುಚ್ಚಿದ್ದನ್ನೂ ಅವನು ಕಂಡಿದ್ದಾನೆ. ಯಾರೂ ಈಚೆ ಬರಲಿಲ್ಲ ಎಂದು ಪೊಲೀಸರಿಗೂ ಹೇಳಿದ, ಇವತ್ತಿಗೂ ಹಾಗೇ ಹೇಳುತ್ತಾನೆ.