ಆಂದಾಂತೆ ಅಂದ್ರೆ ನಿಧಾನ ಅಲ್ಲ!

“ನಿಲ್ಲಿಸಿ!”

ವಾದ್ಯವೃಂದದ ನಿರ್ದೇಶಕನ ಕೋಲು ಗಾಳಿಯಲ್ಲೇ ನಿಂತಿತು. ನಲವತ್ತು ವಾದ್ಯಗಳು ಒಟ್ಟಿಗೆ ಸುಮ್ಮನಾದವು. ಪಿಯಾನೊ ಮುಂದಿದ್ದ ಅವಳು ಮಾತ್ರ ಇನ್ನೂ ಎರಡು ಸ್ವರ ನುಡಿಸಿಯೇ ಕೈ ತೆಗೆದಳು.

“ಮೇಡಂ, ಇಲ್ಲಿ ‘ಆಂದಾಂತೆ’ ಅಂತ ಬರೆದಿದೆ. ನಡಿಗೆಯ ವೇಗ. ನಿಧಾನ! ನೀವು ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಓಡ್ತಾ ಇದ್ದೀರಿ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

“ಇಟಲಿಯವರ ಭಾಷೇಲಿ ಆ ಪದಕ್ಕೆ ‘ಸಾಗುತ್ತಾ’ ಅಂತ ಅರ್ಥ ಸರ್. ನಿಧಾನ ಅಂತ ಎಲ್ಲೂ ಇಲ್ಲ.”

“ಎಲ್ಲರೂ ನಡೆಯೋ ಹಾಗೆ ನುಡಿಸಿ, ಸಾಕು.”

ಎಲ್ಲರೂ...!

ಅವಳು ಎದ್ದಳು. ಬಲಗಾಲು ಎಳೆಯುತ್ತಾ, ಆ ಹೊಸ ನಿರ್ದೇಶಕನ ಮುಂದಿನಿಂದಲೇ ಹಾದು ಬಾಗಿಲವರೆಗೆ ನಡೆದಳು. ಅವಳು ನಡೆಯುವುದನ್ನು ಅವನು ಅಲ್ಲಿಯವರೆಗೆ ನೋಡಿರಲಿಲ್ಲ.

“ಇದು ನನ್ನ ನಡಿಗೆ ಸರ್. ಈ ವೇಗದಲ್ಲಿ ನುಡಿಸ್ಲಾ?”

ಅವನು ಕೋಲು ಕೆಳಗಿಟ್ಟು ಅಂದಿನ ಅಭ್ಯಾಸ ಮುಗಿಸಿದ.

ಮರುದಿನ ಅವಳ ಸ್ವರಪುಟದ ಮೇಲೆ ಅವನ ಪೆನ್ಸಿಲ್ ಅಕ್ಷರ: ‘ಪ್ಯೂ ಆಂದಾಂತೆ’. ಪ್ಯೂ ಅಂದರೆ ಇನ್ನಷ್ಟು.

ಅವಳ ಕಿವಿ ಬಿಸಿಯಾಯಿತು. ಇವನ ಪ್ರಕಾರ ಆಂದಾಂತೆ ಅಂದರೆ ನಿಧಾನ. ಹಾಗಾದರೆ ಇದು... ಇನ್ನೂ ನಿಧಾನ! ನನ್ನ ಕಾಲು ನೋಡಿ ಕನಿಕರ!

“ಅಕ್ಕಾ, ದುಡುಕಬೇಡ,” ಎಂದಳು ಪುಟ ತಿರುಗಿಸಲು ಬಂದಿದ್ದ ತಂಗಿ. “ನಾಳಿದ್ದು ಕಛೇರಿ. ಈ ಕುರ್ಚಿಗೆ ಎಂಟು ವರ್ಷ ಕಾದಿದ್ದೀಯ.”

“ಕನಿಕರದ ಕುರ್ಚಿ ನಂಗೆ ಬೇಡ ಕಣೇ!”

ನೇರ ಅವನ ಕೋಣೆಗೆ ನುಗ್ಗಿ ಪುಟವನ್ನು ಮೇಜಿನ ಮೇಲೆ ಬಡಿದಳು.

“ಕುಂಟೋದು ನನ್ನ ಕಾಲು, ಕೈಯಲ್ಲ! ನಾನು ನಿಧಾನ ಮಾಡಲ್ಲ. ಬೇಕಾದ್ರೆ ಬೇರೆಯವರನ್ನ ಕೂರಿಸ್ಕೊಳ್ಳಿ!”

ಅವನು ಪುಟವನ್ನು ಎತ್ತಿ ನೋಡಿದ. ಪಕ್ಕದ ಕೋಣೆಯಲ್ಲಿ ಯಾರೋ ಪಿಟೀಲಿನ ತಂತಿ ಬಿಗಿಸುತ್ತಿದ್ದರು. ಆ ಸದ್ದು ನಿಂತಿತು.

“ನಿನ್ನೆ... ಮನೆಗೆ ಹೋಗಿ ನಿಘಂಟು ತೆಗೆದೆ,” ಎಂದ. “ನೀವು ಹೇಳಿದ್ದೇ ಸರಿ. ಸಾಗೋದು. ಅದಕ್ಕೇ ಬರೆದೆ, ಇನ್ನಷ್ಟು ಸಾಗಿ ಅಂತ. ಇನ್ನೂ ಬೇಗ.”

ಅವನು ಬರೆದದ್ದು ಅವಳು ಹೇಳಿಕೊಟ್ಟ ಅರ್ಥದಲ್ಲಿ. ಅವಳು ಓದಿದ್ದು ಅವನು ಬಿಟ್ಟುಕೊಟ್ಟ ಅರ್ಥದಲ್ಲಿ!

ಆದರೂ ಸೋಲಲು ಮನಸ್ಸಾಗಲಿಲ್ಲ.

“ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?”

“ಧೈರ್ಯ ಬರಲಿಲ್ಲ.”

“ನಲವತ್ತು ಜನರ ಮುಂದೆ ಬೈಯೋಕೆ ಬಂತಲ್ಲ!”

ಅವನು ಎದ್ದು ಸೀದಾ ಸಭಾಂಗಣಕ್ಕೆ ನಡೆದ. ಅವಳೂ ಹಿಂದೆಯೇ ಬಂದಳು.

“ಎಲ್ಲರೂ ಕೇಳಿ. ನಿನ್ನೆ ತಪ್ಪಿದ್ದು ನಾನು. ಈ ಭಾಗದ ವೇಗ ಅವರದ್ದು. ನನ್ನ ಕೋಲೂ ಅವರ ಹಿಂದೆಯೇ ಬರುತ್ತೆ.”

ಈ ಸಲ ಯಾರೂ ನಗಲಿಲ್ಲ. ಅವಳೊಳಗೆ ಏನೋ ಸಡಿಲವಾಯಿತು... ಬೇಡ ಬೇಡವೆಂದರೂ!

ಕಛೇರಿಯ ದಿನ ಅವಳು ತನ್ನದೇ ವೇಗದಲ್ಲಿ ನುಡಿಸಿದಳು, ಅವನತ್ತ ಒಮ್ಮೆಯೂ ನೋಡದೆ. ಚಪ್ಪಾಳೆ ಮುಗಿದ ಮೇಲೆ ಪರದೆಯ ಹಿಂದೆ ಅವನು ಕೇಳಿದ:

“ಒಂದ್ಸಲನಾದ್ರೂ ನನ್ನ ಕಡೆ ನೋಡಬಹುದಿತ್ತು.”

“ನೋಡಿದ್ರೆ ಕೈ ತಪ್ಪುತ್ತಿತ್ತು.”

“ಯಾಕೆ?”

ಅವಳು ತಲೆ ತಗ್ಗಿಸಲಿಲ್ಲ.

“ನೀವು ಇಷ್ಟ ಆಗ್ಬಿಟ್ಟಿದ್ದೀರಿ. ಸಿಟ್ಟು ಇನ್ನೂ ಹೋಗಿಲ್ಲ, ಅದು ಬೇರೆ.”

ಅವನ ಕಣ್ಣು ತುಂಬಿ ಬಂದಿತ್ತು.

“ಸಿಟ್ಟೂ ಇರಲಿ... ನೀವೂ ಇರಿ.”